ಪೀಟ್ ಬಳಸದೆ ಕುಂಡದ ಗಿಡಗಳನ್ನು ಬೆಳೆಸುವುದು ಹೇಗೆ

ಬೆಂಗಳೂರಿನ ತಾರಸಿ ತೋಟವಿರಲಿ, ಡಬ್ಲಿನ್ ಅಥವಾ ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಯ ಹಿತ್ತಿಲಿರಲಿ, ಕುಂಡದಲ್ಲಿ ಗಿಡ ಬೆಳೆಸುವವರ ಕೈಗೆ ಪೀಟ್, ಎಂದರೆ ಜೌಗು ನೆಲದಲ್ಲಿ ಕೊಳೆಯದೆ ಕೂಡಿಬಂದ ಸತ್ತ ಹಾವಸೆ, ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಅದು ಹಗುರವಾಗಿರುತ್ತದೆ, ನೀರನ್ನು ಹಿಡಿದಿಡುತ್ತದೆ, ಅದರಲ್ಲಿ ಕಳೆಬೀಜಗಳ ಕಾಟ ಕಡಿಮೆ, ಒಂದು ಚೀಲಕ್ಕೂ ಇನ್ನೊಂದು ಚೀಲಕ್ಕೂ ಗುಣದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ನರ್ಸರಿಯವರು ಅದನ್ನು ಮೆಚ್ಚುವುದಕ್ಕೆ ಈ ಗುಣಗಳೇ ಕಾರಣ. ಆದರೆ ಅದನ್ನು ಅಗೆದು ತೆಗೆದ ಜಾಗದಲ್ಲಿ, ರೂಪುಗೊಳ್ಳಲು ಸಾವಿರಾರು ವರ್ಷ ಹಿಡಿದ ಜೌಗು ನೆಲವೊಂದು ಇಲ್ಲವಾಗಿರುತ್ತದೆ. ಮನೆತೋಟದಲ್ಲಿ ಪೀಟ್ ಮಾಡುವ ಕೆಲಸವನ್ನು ಬೇರೆ ವಸ್ತುಗಳಿಂದ ಮಾಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಅದಕ್ಕೂ ಮೊದಲು ಪೀಟನ್ನು ಏಕೆ ಬಿಡಬೇಕೆಂಬುದನ್ನು ಸ್ಪಷ್ಟವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಕಾರಣ ಮನಸ್ಸಿಗೆ ನಾಟದಿದ್ದರೆ ಎರಡನೆಯ ವರ್ಷ ಕೈ ಮತ್ತೆ ಹಳೆಯ ಚೀಲದ ಕಡೆಗೇ ಹೋಗುತ್ತದೆ.

ಚೀಲದೊಳಗಿನ ಪೀಟ್ ಎಲ್ಲಿಂದ ಬಂತು

ಐರ್ಲೆಂಡ್, ಸ್ಕಾಟ್ಲೆಂಡ್, ಬಾಲ್ಟಿಕ್ ದೇಶಗಳು, ಕೆನಡಾ, ರಷ್ಯದಂಥ ತಂಪು ನಾಡುಗಳಲ್ಲಿ, ನೀರು ಹರಿದುಹೋಗಲು ದಾರಿಯಿಲ್ಲದ ಕಡೆ ಸ್ಫ್ಯಾಗ್ನಮ್ ಎಂಬ ಹಾವಸೆ ಹಬ್ಬುತ್ತದೆ. ತನ್ನ ಒಣತೂಕದ ಇಪ್ಪತ್ತು ಪಟ್ಟಿನವರೆಗೂ ನೀರನ್ನು ಹಿಡಿಯಬಲ್ಲ ಈ ಹಾವಸೆ, ಸುತ್ತಲಿನ ನೀರನ್ನು ಹುಳಿಯಾಗಿಸುತ್ತ ತುದಿಯಲ್ಲಿ ಬೆಳೆಯುತ್ತಲೇ ಇರುತ್ತದೆ, ಬುಡದಲ್ಲಿ ಸಾಯುತ್ತ ಹೋಗುತ್ತದೆ. ಗಾಳಿಯಾಡದ, ಹುಳಿಯಾದ, ತಣ್ಣನೆಯ ನೀರಿನಲ್ಲಿ ಮುಳುಗಿದ ಆ ಸತ್ತ ಭಾಗವು ಜಾಡಿಯಲ್ಲಿ ಅದುಮಿಟ್ಟ ಉಪ್ಪಿನಕಾಯಿಯಂತೆ ಕೊಳೆಯದೆ ಉಳಿಯುತ್ತದೆ. ಹೀಗೆ ಪದರ ಪದರವಾಗಿ ಕೂಡಿಬಂದದ್ದೇ ಪೀಟ್. 1950ರಲ್ಲಿ ಡೆನ್ಮಾರ್ಕಿನಲ್ಲಿ ಉರುವಲಿಗಾಗಿ ಪೀಟ್ ಅಗೆಯುತ್ತಿದ್ದವರಿಗೆ ಒಂದು ಶವ ಸಿಕ್ಕಿತು. ಅದರ ಮುಖ ಎಷ್ಟು ಚೆನ್ನಾಗಿ ಉಳಿದಿತ್ತೆಂದರೆ, ಇದು ಇತ್ತೀಚೆಗೆ ನಡೆದ ಕೊಲೆಯಿರಬೇಕೆಂದು ಭಾವಿಸಿ ಅವರು ಪೊಲೀಸರಿಗೆ ತಿಳಿಸಿದರು. ಈಗ ಟೋಲುಂಡ್ ಮನುಷ್ಯ ಎಂದು ಹೆಸರಾಗಿರುವ ಆತ ಸತ್ತು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಪೀಟ್ ಬೆಳೆಯುವ ವೇಗ ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಅಂದರೆ ಒಂದು ಮೀಟರ್ ದಪ್ಪದ ಪೀಟ್ ಕೂಡಲು ಸಾವಿರ ವರ್ಷ ಬೇಕು. ಅದನ್ನು ತೋಟಗಾರಿಕೆಗಾಗಿ ತೆಗೆಯುವ ಕ್ರಮ ಹೀಗಿದೆ: ಜೌಗಿನಲ್ಲಿ ಉದ್ದಕ್ಕೂ ಕಾಲುವೆ ತೋಡಿ ನೀರನ್ನು ಬಸಿಯುತ್ತಾರೆ, ಮೇಲಿನ ಜೀವಂತ ಹಾವಸೆಯನ್ನು ಕೆರೆದು ಹಾಕುತ್ತಾರೆ, ಬೇಸಿಗೆಯಲ್ಲಿ ಯಂತ್ರದಿಂದ ಮೇಲ್ಮೈಯನ್ನು ಪುಡಿಮಾಡಿ ಒಣಗಿಸಿ ಬಳಿದುಕೊಳ್ಳುತ್ತಾರೆ. ಒಂದು ಸಲ ಒಂದು ಸೆಂಟಿಮೀಟರ್ ಪದರವನ್ನು ಬಳಿದರೂ ಹತ್ತು ವರ್ಷಗಳ ಬೆಳವಣಿಗೆ ಹೋಯಿತು, ಮತ್ತು ಒಂದೇ ಬೇಸಿಗೆಯಲ್ಲಿ ಹೀಗೆ ಹಲವು ಸಲ ಬಳಿಯಲಾಗುತ್ತದೆ. ಪೀಟನ್ನು ಮತ್ತೆ ಮತ್ತೆ ಬೆಳೆದು ಕೊಯ್ಯಬಹುದಾದ ಸಂಪನ್ಮೂಲವೆಂದು ಕರೆಯುವ ಮಾರಾಟಗಾರರ ವಾದವನ್ನು ನಾನು ಒಪ್ಪದಿರುವುದು ಈ ಲೆಕ್ಕದಿಂದಲೇ.

ಅಗೆಯದೆ ನೀರನ್ನು ಬಸಿದರೂ ಸಾಕು, ಪೀಟ್ ತಾನಾಗಿಯೇ ಕರಗತೊಡಗುತ್ತದೆ. ಗಾಳಿ ತಗುಲಿದೊಡನೆ ಅಷ್ಟು ಕಾಲ ತಡೆದಿದ್ದ ಕೊಳೆಯುವಿಕೆ ಶುರುವಾಗಿ, ಒಳಗಿದ್ದ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ಶೈರ್ ಪ್ರಾಂತದ ಹೋಮ್ ಫೆನ್ ಎಂಬಲ್ಲಿ, ಪಕ್ಕದ ಸರೋವರವನ್ನು ಬರಿದು ಮಾಡಿದ ಕಾಲಕ್ಕೆ, 1851ರ ಸುಮಾರಿಗೆ ಒಂದು ಕಬ್ಬಿಣದ ಕಂಬವನ್ನು ಅದರ ತುದಿ ನೆಲಮಟ್ಟಕ್ಕೆ ಸಮನಾಗುವಂತೆ ಹೂತರು. ಇಂದು ಆ ಕಂಬ ಸುಮಾರು 4 ಮೀಟರಿನಷ್ಟು ಮೇಲೆದ್ದು ನಿಂತಿದೆ. ಕಂಬ ಕದಲಿಲ್ಲ, ಸುತ್ತಲಿನ ನೆಲ ಕುಸಿದಿದೆ.

ಭೂಮಿಯ ಒಟ್ಟು ನೆಲದಲ್ಲಿ ಪೀಟ್ ನೆಲಗಳ ಪಾಲು ಶೇ 3ರಷ್ಟು ಮಾತ್ರ. ಆದರೆ ಮಣ್ಣಿನಲ್ಲಿರುವ ಇಂಗಾಲದ ಸುಮಾರು ಮೂರನೇ ಒಂದು ಭಾಗ ಅಲ್ಲಿದೆ, ಜಗತ್ತಿನ ಕಾಡುಗಳ ಮರಗಿಡಗಳಲ್ಲೆಲ್ಲ ಸೇರಿ ಇರುವುದಕ್ಕಿಂತ ಅದು ಹೆಚ್ಚು. ಈ ನಾಶಕ್ಕೆ ತೋಟಗಾರರು ಮಾತ್ರ ಹೊಣೆಯೆಂದು ಹೇಳಿದರೆ ತಪ್ಪಾಗುತ್ತದೆ. ಬೇಸಾಯಕ್ಕಾಗಿ, ಮರದ ತೋಪುಗಳಿಗಾಗಿ, ಉರುವಲಿಗಾಗಿ ಬಸಿದ ಪೀಟ್ ನೆಲವೇ ಬಹುಪಾಲು. ಇಂಡೊನೇಷ್ಯಾದ ಮಧ್ಯ ಕಲಿಮಂಟನ್‌ನಲ್ಲಿ ಹತ್ತು ಲಕ್ಷ ಹೆಕ್ಟೇರ್ ಜೌಗು ಕಾಡನ್ನು ಭತ್ತದ ಗದ್ದೆ ಮಾಡುವ ಯೋಜನೆ 1990ರ ದಶಕದ ನಡುವೆ ಶುರುವಾಯಿತು. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದರು, ಭತ್ತ ಬೆಳೆಯಲಿಲ್ಲ, ಒಣಗಿದ ಪೀಟ್ 1997ರಲ್ಲಿ ಹೊತ್ತಿಕೊಂಡಿತು. ಆ ವರ್ಷ ಇಂಡೊನೇಷ್ಯಾದ ಪೀಟ್ ಮತ್ತು ಕಾಡಿನ ಬೆಂಕಿಯಿಂದ ಹೊರಬಿದ್ದ ಇಂಗಾಲವು ಇಡೀ ಜಗತ್ತು ವರ್ಷವೊಂದರಲ್ಲಿ ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸಿ ಬಿಡುವ ಇಂಗಾಲದ ಶೇ 13ರಿಂದ 40ರಷ್ಟಿತ್ತು ಎಂದು ವಿಜ್ಞಾನಿಗಳು ಅಂದಾಜಿಸಿದರು. ಇದರ ಮುಂದೆ ಕುಂಡದ ಮಣ್ಣಿನ ಪಾಲು ಸಣ್ಣದು. ಆದರೂ ಅದು ನಾವು ನೇರವಾಗಿ ದುಡ್ಡು ಕೊಟ್ಟು ಮಾಡಿಸುವ ನಾಶ, ಮತ್ತು ಬದಲಿ ವಸ್ತು ಅತ್ಯಂತ ಸುಲಭವಾಗಿ ಸಿಗುವುದೂ ಈ ಒಂದು ಬಳಕೆಗೇ.

ಸರ್ಕಾರಗಳು ನಿಷೇಧಿಸುವವರೆಗೆ ಕಾಯುತ್ತೇವೆಂದರೆ ಬಹಳ ಕಾಲ ಕಾಯಬೇಕಾದೀತು. ಮನೆತೋಟಗಳಲ್ಲಿ ಪೀಟ್ ಬಳಕೆ 2020ರೊಳಗೆ ನಿಲ್ಲಬೇಕೆಂದು ಬ್ರಿಟನ್ ಸರ್ಕಾರ 2011ರಲ್ಲಿ ಹಾಕಿಕೊಂಡ ಸ್ವಯಂಪ್ರೇರಿತ ಗುರಿ ಈಡೇರಲಿಲ್ಲ. ಇಂಗ್ಲೆಂಡಿನಲ್ಲಿ ಚಿಲ್ಲರೆ ಮಾರಾಟವನ್ನು 2024ರೊಳಗೆ ನಿಷೇಧಿಸುವುದಾಗಿ 2022ರಲ್ಲಿ ಪ್ರಕಟಣೆ ಬಂತು, ಆ ಗಡುವಿನೊಳಗೆ ಕಾನೂನು ಬರಲಿಲ್ಲ. ಐರ್ಲೆಂಡಿನ ಸರ್ಕಾರಿ ಒಡೆತನದ ಬೋರ್ಡ್ ನಾ ಮೋನಾ ಕಂಪನಿ 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನು ಶಾಶ್ವತವಾಗಿ ನಿಲ್ಲಿಸಿದ್ದು ದೊಡ್ಡ ಹೆಜ್ಜೆಯೇ ಸರಿ. ಆದರೂ ಬೇಡಿಕೆ ಇರುವವರೆಗೆ ಲಾಟ್ವಿಯಾ, ಎಸ್ಟೋನಿಯಾಗಳಿಂದ ಪೀಟ್ ಬರುತ್ತಲೇ ಇರುತ್ತದೆ.

ಕೊಳ್ಳುವಾಗ ಗಮನಿಸಬೇಕಾದದ್ದು

ವಿದೇಶದಲ್ಲಿರುವವರು ಚೀಲದ ಮೇಲೆ ‘ಪೀಟ್ ಫ್ರೀ’ ಎಂದು ದೊಡ್ಡದಾಗಿ ಬರೆದಿದೆಯೇ ಎಂದು ನೋಡಬೇಕು. ಬರೆದಿಲ್ಲವೆಂದರೆ ಒಳಗೆ ಪೀಟ್ ಇದೆಯೆಂದೇ ತಿಳಿಯುವುದು ಕ್ಷೇಮ. ‘ಆರ್ಗ್ಯಾನಿಕ್’, ‘ನ್ಯಾಚುರಲ್’ ಎಂಬ ಪದಗಳು ಈ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ‘ರೆಡ್ಯೂಸ್ಡ್ ಪೀಟ್’ ಎಂದಿರುವ ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ಪೀಟ್ ಇರಲೂಬಹುದು.

ಭಾರತದಲ್ಲಿ ಗೊಂದಲ ಬೇರೆ ಬಗೆಯದು. ಇಲ್ಲಿನ ನರ್ಸರಿಗಳಲ್ಲಿ ಸಿಗುವ ಕೋಕೋಪೀಟ್ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ, ಜೌಗು ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಪೀಟ್ ಮಾಸ್’ ಎಂದು ಮಾರುವುದು ಮಾತ್ರ ಹೊರದೇಶದ ಜೌಗಿನಿಂದ ಅಗೆದು ತಂದದ್ದು. ಬೀಜ ಬಿತ್ತಲು ಬಳಸುವ, ನೀರು ಹಾಕಿದರೆ ಉಬ್ಬುವ ಬಿಲ್ಲೆಗಳು ಎರಡೂ ಬಗೆಯವು ಇರುತ್ತವೆ, ವಿವರ ಓದಿ ತೆಂಗಿನವನ್ನೇ ಆರಿಸಿಕೊಳ್ಳಿ. ಗೂಟಿ ಕಟ್ಟುವುದಕ್ಕೂ, ಆರ್ಕಿಡ್ ಕೂರಿಸುವುದಕ್ಕೂ, ಬಳ್ಳಿ ಹಬ್ಬಿಸುವ ಕೋಲಿಗೂ ಒಣ ಹಾವಸೆಯನ್ನು ಬಳಸುವ ರೂಢಿ ನಮ್ಮಲ್ಲಿದೆ. ಅದೂ ಎಲ್ಲೋ ಒಂದು ಜೌಗಿನಿಂದಲೋ ಕಾಡಿನಿಂದಲೋ ಕಿತ್ತು ತಂದದ್ದೇ. ಗೂಟಿಗೆ ಒದ್ದೆ ಮಾಡಿ ಹಿಂಡಿದ ತೆಂಗಿನ ಪುಡಿ ಸಾಕಾಗುತ್ತದೆ. ಆರ್ಕಿಡ್‌ಗೆ ಸಿಪ್ಪೆಯ ತುಂಡು ಮತ್ತು ಇದ್ದಿಲು, ಬಳ್ಳಿಗೆ ನಾರು ಸುತ್ತಿದ ಕೋಲು ಸಾಕು.

ತೆಂಗಿನ ಪುಡಿಯನ್ನು ಹದಗೊಳಿಸುವುದು

ಪೀಟ್ ಬಿಟ್ಟು ತೆಂಗಿನ ಪುಡಿಗೆ ಬಂದವರಲ್ಲಿ ಹಲವರು ಮೊದಲ ವರ್ಷವೇ ಬೇಸರಪಡುವುದು ಈ ಹಂತವನ್ನು ಹಾರಿಸುವುದರಿಂದ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಸಹಜವಾಗಿಯೇ ಇರುತ್ತವೆ. ಸಿಪ್ಪೆಯನ್ನು ಉಪ್ಪುನೀರಿನ ಹಿನ್ನೀರಿನಲ್ಲಿ ನೆನೆಹಾಕಿದ್ದರೆ ಇನ್ನೂ ಹೆಚ್ಚು. ತೊಳೆಯದೆ ಬಳಸಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ, ಮೊಳಕೆ ಕುಂಠಿತವಾಗುತ್ತದೆ. ಪುಡಿಯನ್ನು ಒತ್ತಿ ಇಟ್ಟಿಗೆಯಂತೆ ಮಾಡಿದ 5 ಕೆಜಿಯ ಒಂದು ಅಚ್ಚು ನೆನೆದು ಉಬ್ಬಿದಾಗ ಸುಮಾರು 60ರಿಂದ 70 ಲೀಟರಿನಷ್ಟು ಆಗುವುದರಿಂದ ದೊಡ್ಡ ಟಬ್ ಬೇಕು. ಅಚ್ಚನ್ನು ಅದರಲ್ಲಿಟ್ಟು 25 ಲೀಟರಿನಷ್ಟು ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು, ಪೂರ್ತಿ ಬಿಡಿಸಿಕೊಳ್ಳುವವರೆಗೆ ಬಿಡಿ. ಬಳಿಕ ಗೋಣಿಚೀಲಕ್ಕೋ ಹಳೆಯ ಸೊಳ್ಳೆಪರದೆಯ ಬಟ್ಟೆಗೋ ತುಂಬಿ ಹಿಂಡಿ, ಮತ್ತೆ ಹೊಸ ನೀರಿನಲ್ಲಿ ನೆನೆಸಿ ಹಿಂಡಿ. ಹಿಂಡಿದ ನೀರಿನ ಕಡುಕಂದು ಬಣ್ಣ ತಿಳಿಯಾಗುತ್ತ ಬರುವವರೆಗೆ, ಸಾಮಾನ್ಯವಾಗಿ ಮೂರು ಸಲ, ಹೀಗೆ ಮಾಡಬೇಕು. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಇಸಿ ಮೀಟರ್ ಇದ್ದವರು ಅಳೆದು ನೋಡಿದರೆ ಇನ್ನೂ ಖಚಿತ, ಏಕೆಂದರೆ ನೀರಿನ ಬಣ್ಣ ಮತ್ತು ಉಪ್ಪಿನಂಶ ಯಾವಾಗಲೂ ಒಟ್ಟಿಗೇ ಇಳಿಯುವುದಿಲ್ಲ. ‘ಲೋ ಇಸಿ’ ಎಂದು ನಮೂದಿಸಿದ ಅಚ್ಚನ್ನು ತಂದಿದ್ದರೆ ಒಂದು ತೊಳೆತ ಸಾಕು.

ಟೊಮ್ಯಾಟೊ, ದಪ್ಪಮೆಣಸಿನಕಾಯಿಯಂಥ ಬೆಳೆ ಇಡುವವರು ಇನ್ನೊಂದು ಹೆಜ್ಜೆ ಹೋಗಬೇಕು. ತೆಂಗಿನ ಪುಡಿಯ ಕಣಗಳು ಸೋಡಿಯಂ, ಪೊಟ್ಯಾಸಿಯಂಗಳನ್ನು ಅಂಟಿಸಿಕೊಂಡಿರುತ್ತವೆ, ಗೊಬ್ಬರದಲ್ಲಿರುವ ಕ್ಯಾಲ್ಸಿಯಂ ಸಿಕ್ಕಿದೊಡನೆ ಅವನ್ನು ಬಿಟ್ಟು ಇದನ್ನು ಹಿಡಿದುಕೊಳ್ಳುತ್ತವೆ. ಗಿಡಕ್ಕೆ ಕ್ಯಾಲ್ಸಿಯಂ ಸಾಲದೆ ಹಣ್ಣಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಇದನ್ನು ತಪ್ಪಿಸಲು 5 ಕೆಜಿ ಅಚ್ಚಿಗೆ ಸುಮಾರು 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ತೊಳೆದ ಪುಡಿಯನ್ನು ಒಂದು ರಾತ್ರಿ ನೆನೆಸಿ, ಮರುದಿನ ಬಸಿದು ಒಮ್ಮೆ ಜಾಲಾಡಿ.

ತೊಳೆದ ನೀರನ್ನು ಬಾವಿಯ ಬಳಿಗೂ ಕೆರೆಗೆ ಹೋಗುವ ಚರಂಡಿಗೂ ಬಿಡಬೇಡಿ. ನಾರಿನ ಕಾರ್ಖಾನೆಗಳ ಸುತ್ತ ರಾಶಿಬಿದ್ದ ಪುಡಿಯಿಂದ ಮಳೆಗಾಲದಲ್ಲಿ ಬಸಿಯುವ ಒಗರು ನೀರು ಸುತ್ತಲಿನ ಜಲಮೂಲಗಳನ್ನು ಕೆಡಿಸುತ್ತದೆಂಬುದು ತೆಂಗಿನ ಸೀಮೆಯವರಿಗೆ ತಿಳಿದ ಸಂಗತಿಯೇ. ಒಂದು ಜಲಮೂಲವನ್ನು ಉಳಿಸಹೋಗಿ ಇನ್ನೊಂದನ್ನು ಕೆಡಿಸುವುದು ಬೇಡ. ದೊಡ್ಡ ತೆಂಗಿನ ಮರದ ಬುಡಕ್ಕೆ ಆ ನೀರನ್ನು ಹಾಕಬಹುದು, ಉಪ್ಪನ್ನು ತಡೆಯುವ ಮರ ಅದು.

ತುಮಕೂರು, ಹಾಸನ, ಚಿತ್ರದುರ್ಗದ ಕಡೆಯ ತೆಂಗು ಬೆಳೆಗಾರರು ಅಚ್ಚು ಕೊಳ್ಳುವ ಅಗತ್ಯವೇ ಇಲ್ಲ. ಹತ್ತಿರದ ನಾರಿನ ಘಟಕದಿಂದ ಹಳೆಯ ರಾಶಿಯ, ಎರಡು ಮೂರು ಮಳೆಗಾಲ ಕಂಡ ಪುಡಿಯನ್ನು ತಂದರೆ ಉಪ್ಪಿನಂಶ ಬಹುಮಟ್ಟಿಗೆ ತೊಳೆದುಹೋಗಿರುತ್ತದೆ. ಹೊಸ ಪುಡಿಯಾದರೆ, ತೆಂಗಿನ ನಾರಿನ ಉದ್ಯಮಕ್ಕಾಗಿ ಇರುವ ಸರ್ಕಾರಿ ಸಂಸ್ಥೆಯಾದ ಕಾಯರ್ ಬೋರ್ಡ್ ರೂಪಿಸಿದ ಪಿತ್‌ಪ್ಲಸ್ ಎಂಬ ಅಣಬೆ ಬೀಜದ ಮಿಶ್ರಣವನ್ನು ಯೂರಿಯಾದೊಂದಿಗೆ ಪದರಗಳಲ್ಲಿ ಹಾಕಿ, ತೇವ ಆರದಂತೆ ಕಾಯ್ದು ಸುಮಾರು ಒಂದು ತಿಂಗಳಲ್ಲಿ ಗೊಬ್ಬರವಾಗಿಸಬಹುದು.

ಮಿಶ್ರಣಗಳು

ತಾರಸಿಯ ತರಕಾರಿ ಕುಂಡಗಳಿಗೆ ಹದಗೊಳಿಸಿದ ತೆಂಗಿನ ಪುಡಿ ಎರಡು ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು ಬೆರೆಸಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ತೆಂಗಿನ ಪುಡಿಯೊಂದರಲ್ಲೇ ಗಿಡ ಬೆಳೆಯದು, ಅದರಲ್ಲಿ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ. ಸಸಿ ಎಬ್ಬಿಸಲು ಪುಡಿ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು, ಸುಟ್ಟ ಭತ್ತದ ಹೊಟ್ಟು ಅಥವಾ ದಪ್ಪ ಮರಳು ಒಂದು ಪಾಲು ಇರಲಿ.

ಬ್ರಿಟನ್, ಐರ್ಲೆಂಡ್, ಜರ್ಮನಿಗಳಲ್ಲಿ ಇರುವವರಿಗೆ ನನ್ನ ಮೊದಲ ಸಲಹೆ ತೆಂಗಿನ ಪುಡಿಯಲ್ಲ, ಎಲೆಗೊಬ್ಬರ. ಕೇರಳ, ತಮಿಳುನಾಡು, ಕರ್ನಾಟಕಗಳಿಂದ ಹಡಗಿನಲ್ಲಿ ಹೋದ ಪುಡಿ ಪೀಟಿಗಿಂತ ಎಷ್ಟೋ ಮೇಲು, ಆದರೆ ಅಲ್ಲಿಯ ಶರತ್ಕಾಲದಲ್ಲಿ ರಸ್ತೆ ತುಂಬ ಬೀಳುವ ತರಗೆಲೆ ಅದಕ್ಕಿಂತಲೂ ಮೇಲು. ಓಕ್, ಬೀಚ್ ಮೊದಲಾದ ಮರಗಳ ಎಲೆಗಳನ್ನು ಒದ್ದೆಯಿರುವಾಗಲೇ ಗುಡಿಸಿ, ತೂತು ಮಾಡಿದ ದೊಡ್ಡ ಚೀಲಗಳಲ್ಲಿ ತುಂಬಿ, ಬಾಯಿ ಕಟ್ಟಿ ಶೆಡ್ಡಿನ ಹಿಂದೆ ಮರೆತುಬಿಡಬೇಕು. ಒಂದು ವರ್ಷಕ್ಕೆ ಗಿಡದ ಬುಡಕ್ಕೆ ಹೊದಿಸುವ ಮುಚ್ಚಿಗೆಗೆ ಬರುತ್ತದೆ, ಎರಡು ವರ್ಷಕ್ಕೆ ಕೈಯಲ್ಲಿ ಉದುರುವ ಕಪ್ಪು ಪುಡಿಯಾಗಿ ಬೀಜ ಬಿತ್ತಲು ಯೋಗ್ಯವಾಗುತ್ತದೆ. ಇದನ್ನು ತೋಟದ ಮಣ್ಣು ಮತ್ತು ಅಡುಗೆಮನೆಯ ಕಾಂಪೋಸ್ಟಿನೊಂದಿಗೆ ಸಮಪಾಲಾಗಿ ಬೆರೆಸಿದರೆ ಹೆಚ್ಚಿನ ಹೂಗಿಡಗಳಿಗೆ ಬೇರೇನೂ ಬೇಡ.

ಬ್ಲೂಬೆರಿ, ರೋಡೋಡೆಂಡ್ರಾನ್, ಕ್ಯಾಮೆಲಿಯಾಗಳಂಥ ಹುಳಿಮಣ್ಣಿನ ಗಿಡಗಳಿಗೆ ಪೀಟ್ ಅನಿವಾರ್ಯವೆಂಬ ನಂಬಿಕೆ ಬಲವಾಗಿದೆ. ಕಳಿತ ಪೈನ್ ತೊಗಟೆ ಮತ್ತು ಪೈನ್ ಎಲೆಗಳ ಗೊಬ್ಬರ ಆ ಕೆಲಸವನ್ನು ಮಾಡುತ್ತವೆ. ಸುಣ್ಣದಂಶವಿರುವ ನಲ್ಲಿನೀರಿನ ಬದಲು ಮಳೆನೀರು ಹಾಕುವುದು ಅಲ್ಲಿ ಮಿಶ್ರಣಕ್ಕಿಂತಲೂ ಮುಖ್ಯ.

ನೀರು, ಗೊಬ್ಬರ

ಪೀಟ್ ಇಲ್ಲದ ಮಿಶ್ರಣದ ಮೇಲ್ಮೈ ಬೇಗ ಒಣಗಿ ತಿಳಿ ಬಣ್ಣಕ್ಕೆ ತಿರುಗುತ್ತದೆ, ಒಳಗೆ ತೇವ ಇದ್ದೇ ಇರುತ್ತದೆ. ಕಣ್ಣನ್ನು ನಂಬಿ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗಿಟ್ಟು ನೋಡಿ, ಇಲ್ಲವೇ ಕುಂಡವನ್ನು ಎತ್ತಿ ತೂಕ ನೋಡಿ. ಒಮ್ಮೆಗೇ ಬಹಳ ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹಾಕುವುದು ಇದಕ್ಕೆ ಒಗ್ಗುತ್ತದೆ. ತೊಗಟೆ, ಮರದ ನಾರು, ತೆಂಗಿನ ಪುಡಿಗಳು ಕೊಳೆಯುವಾಗ ಸಾರಜನಕವನ್ನು ಹೀರಿಕೊಳ್ಳುವುದರಿಂದ, ಎಲೆ ಹಳದಿಯಾಗುವವರೆಗೆ ಕಾಯದೆ ನೆಟ್ಟ ನಾಲ್ಕೈದು ವಾರಗಳಿಂದಲೇ ದ್ರವಗೊಬ್ಬರ ಶುರುಮಾಡಿ. ಜೀವಾಮೃತವೋ ಕಡಲೆಹಿಂಡಿ ನೆನೆಸಿದ ನೀರೋ ಆಗಬಹುದು.

ಜೌಗಿಗೆ ಹೋದಾಗ

ಕಾಲುವೆಗಳಿಗೆ ಅಡ್ಡಲಾಗಿ ಪೀಟಿನ ಗೋಡೆ ಕಟ್ಟಿ, ನೀರಿನ ಮಟ್ಟವನ್ನು ಮತ್ತೆ ಮೇಲ್ಮೈಯ ಹತ್ತಿರಕ್ಕೆ ತಂದರೆ, ಪೂರ್ತಿ ಸಾಯದ ಜೌಗು ಚೇತರಿಸಿಕೊಳ್ಳುತ್ತದೆ. ಐರ್ಲೆಂಡಿನ ಆಫಲಿ ಕೌಂಟಿಯ ಕ್ಲಾರಾ ಜೌಗಿನಲ್ಲಿ ಇಂಥ ಕೆಲಸವನ್ನು ಹಲಗೆಯ ಕಾಲುಹಾದಿಯ ಮೇಲೆ ನಡೆದು ನೋಡಬಹುದು. ತಮ್ಮ ದೇಶದ ಜೌಗುಗಳನ್ನು ಬಹುಪಾಲು ಕಳೆದುಕೊಂಡಿದ್ದ ಡಚ್ಚರು 1980ರ ದಶಕದಲ್ಲಿ ಹಣ ಕೂಡಿಸಿ, ಐರ್ಲೆಂಡಿನ ಕೆಲವು ಜೌಗುಗಳನ್ನು ಕೊಂಡು ಅಲ್ಲಿಯ ಸರ್ಕಾರಕ್ಕೇ ಒಪ್ಪಿಸಿದರು. ಉಳಿಸಿಕೊಳ್ಳಿ ಎಂದು ನೆರೆಯವರು ಹಣ ತೆತ್ತು ಕೇಳಿದ ಈ ಘಟನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಸ್ಕಾಟ್ಲೆಂಡಿನ ಫ್ಲೋ ಕಂಟ್ರಿ ಎಂಬ ವಿಶಾಲ ಪೀಟ್ ಜೌಗು 2024ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವಾಯಿತು. 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಅಲ್ಲಿ ನೆಟ್ಟಿದ್ದ ಮರಗಳನ್ನು ಈಗ ಕಡಿದು ತೆಗೆಯುತ್ತಿದ್ದಾರೆ, ಅಂಥ ನೆಲದಲ್ಲಿ ಮರ ನೆಡುವುದೇ ನಾಶ. ಇಂಥ ಕಡೆ ಹಾದಿ ಬಿಟ್ಟು ಇಳಿಯಬಾರದು, ಒಲೆ ಹೊತ್ತಿಸಬಾರದು. ನೆಲದೊಳಗೆ ಹೊಕ್ಕ ಕಿಚ್ಚು ವಾರಗಟ್ಟಲೆ ಕಾಣದಂತೆ ಉರಿಯುತ್ತಿರುತ್ತದೆ.

ನಮಗೆ ಹತ್ತಿರದ ನೀಲಗಿರಿಯ ಎತ್ತರದ ಹುಲ್ಲುಗಾವಲುಗಳ ನಡುವಿನ ಕಣಿವೆಗಳಲ್ಲೂ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು ಅದರ ಪದರಗಳಲ್ಲಿನ ಇಂಗಾಲವನ್ನು ಪರೀಕ್ಷಿಸಿ, ದಕ್ಷಿಣ ಭಾರತದ ಹವಾಮಾನವೂ ಮುಂಗಾರೂ ಸುಮಾರು 20 ಸಾವಿರ ವರ್ಷಗಳಲ್ಲಿ ಹೇಗೆ ಬದಲಾದವೆಂಬುದನ್ನು 1993ರಲ್ಲಿ ಪ್ರಕಟಿಸಿದರು. ಊಟಿಗೆ ಹೋದವರು ಕಣಿವೆಯ ತಳದ ಆ ಒದ್ದೆ ಹುಲ್ಲಿನ ಮೇಲೆ ವಾಹನ ಹತ್ತಿಸದಿದ್ದರೆ ದೊಡ್ಡ ಉಪಕಾರ.

ಈಗಾಗಲೇ ಮನೆಯಲ್ಲಿರುವ ಪೀಟ್

ಅರ್ಧ ಬಳಸಿದ ಪೀಟ್ ಚೀಲ ಮನೆಯಲ್ಲಿದ್ದರೆ ಅದನ್ನು ಎಸೆಯಬೇಡಿ, ಅಗೆದ ಪೀಟನ್ನು ಜೌಗಿಗೆ ಮರಳಿಸಲು ಬಾರದು. ಕೀಟಾಹಾರಿ ಗಿಡಗಳಿದ್ದವರು ಅವಕ್ಕಾಗಿ ತೆಗೆದಿಡಿ, ಅವುಗಳಿಗೆ ಬದಲಿ ಮಿಶ್ರಣ ಹೊಂದಿಸುವುದು ಉಳಿದ ಗಿಡಗಳಿಗಿಂತ ಕಷ್ಟ. ಬೇರೆಯವರು ಹೊಸ ಮಿಶ್ರಣದೊಂದಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಮುಗಿಸಿ. ಹಳೆಯ ಕುಂಡಗಳ ಮಣ್ಣನ್ನೂ ಪ್ರತಿವರ್ಷ ಬದಲಿಸುವ ಅಗತ್ಯವಿಲ್ಲ. ಬೆಳೆ ಮುಗಿದ ಮೇಲೆ ಬೇರುಗಳನ್ನು ಆರಿಸಿ, ಧಾರಾಳವಾಗಿ ನೀರು ಹಾಯಿಸಿ ಕೂಡಿಕೊಂಡ ಲವಣವನ್ನು ಬಸಿದು, ಬಿಸಿಲಿಗೆ ಹರವಿ, ಮೂರನೇ ಒಂದು ಪಾಲು ಹೊಸ ಗೊಬ್ಬರ ಸೇರಿಸಿದರೆ ಅದೇ ಮಿಶ್ರಣ ಎರಡು ಮೂರು ಬೆಳೆಗೆ ಬರುತ್ತದೆ. ಟೊಮ್ಯಾಟೊ ಬೆಳೆದ ಕುಂಡಕ್ಕೆ ಮುಂದಿನ ಸಲ ಹುರುಳಿಕಾಯಿಯನ್ನೋ ಸೊಪ್ಪನ್ನೋ ಹಾಕಿ, ಬದನೆ ಮೆಣಸಿನಕಾಯಿಗಳನ್ನು ಹಾಕಬೇಡಿ. ತೀರ ಕುಸಿದು ನೀರು ನಿಲ್ಲತೊಡಗಿದ ಮೇಲೆ ಅದನ್ನು ಹಿತ್ತಿಲ ಪಾತಿಗೆ ಸುರಿದು ಮುಚ್ಚಿಗೆ ಹೊದಿಸಿ.